ಪುಟ್ಟಕ್ಕನೂ ಗುಲಾಬಿಯೂ ಒಬ್ಬರೇ

ಅಜ್ಜ-ಅಜ್ಜಿಯರೇ, ಸಂಜೆ ಟಿವಿ ಮುಂದೆ ಕೂತು ‘ಪುಟ್ಟಕ್ಕನ ಮಕ್ಕಳು’ ನೋಡಿದವರಲ್ಲವೇ ನೀವು? ಆ ಪುಟ್ಟಕ್ಕ, ಉಮಾಶ್ರೀ, ಹುಟ್ಟಿದ್ದು ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಮೊದಲು ನಾಟಕದವರು. ದೇವನೂರ ಮಹಾದೇವರ ‘ಒಡಲಾಳ’ ರಂಗದ ಮೇಲೆ ಬಂದಾಗ ಅದರ ಸಾಕವ್ವ ಇವರೇ. ಅಂಥ ನಟಿಗೂ ದೊಡ್ಡ ಸಿನಿಮಾಗಳಲ್ಲಿ ವರ್ಷಗಟ್ಟಲೆ ಸಿಕ್ಕಿದ್ದು ನಗಿಸುವ ಸಣ್ಣ ಪಾತ್ರಗಳೇ, ಬಹಳ ಸಲ ಎನ್.ಎಸ್. ರಾವ್ ಅವರ ಜೋಡಿಯಾಗಿ. ಅಲ್ಲಿ ಕಥೆಯೆಲ್ಲ ನಾಯಕನ ಹಿಂದೆ ಓಡುತ್ತದೆ. ಉಳಿದವರು ಸಿಕ್ಕ ನಾಲ್ಕು ನಿಮಿಷದಲ್ಲಿ ಜನರನ್ನು ನಗಿಸಿ ಸರಿಯಬೇಕು. ಅದೇನು ಹಗುರ ಕೆಲಸವಲ್ಲ! 1995ರ ‘ಪುಟ್ನಂಜ’ದಲ್ಲಿ ರವಿಚಂದ್ರನ್ ಅವರಿಗೆ ಅಜ್ಜಿಯಾದಾಗ ಉಮಾಶ್ರೀಗೆ ನಲವತ್ತೂ ತುಂಬಿರಲಿಲ್ಲ.

ಆಮೇಲೆ ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸ್’ ಮಾಡಿದರು. ವೈದೇಹಿ ಅವರ ಕಥೆಯಿಂದ ಹುಟ್ಟಿದ ಸಿನಿಮಾ. ಗುಲಾಬಿ ಕರಾವಳಿಯ ಮೀನುಗಾರರ ನಡುವೆ ಇರುವ ಸೂಲಗಿತ್ತಿ. ಅವಳಿಗೆ ಸಿನಿಮಾ ಹುಚ್ಚು. ಮನೆಗೆ ಟಿವಿ ಬರುತ್ತದೆ, ನೆರೆಯ ಹೆಂಗಸರು ಬಂದು ಕೂಡುತ್ತಾರೆ. ಊರಿನ ಮನಸ್ಸು ಒಡೆದಾಗ ಮಾತ್ರ ಅವಳು ಒಂಟಿ. ಇಲ್ಲಿ ಹಾಡು, ಹೊಡೆದಾಟದ ಮರೆ ಇಲ್ಲ. ಇಡೀ ಕಥೆಯನ್ನು ನಟಿಯ ಮುಖವೇ ಹೊರಬೇಕು. ಈ ಪಾತ್ರಕ್ಕೆ 2007ನೇ ಸಾಲಿನ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ನಗಿಸುತ್ತಿದ್ದವರೇ ಹೀಗೆ ಅಳಿಸಿದ್ದು ನೋಡಿ ಕೆಲವರು ಬೆರಗಾದರು. ನನಗೇನೋ ಎರಡೂ ಒಂದೇ ಕಸುಬಿನಂತೆ ಕಾಣುತ್ತದೆ.

ಇದನ್ನೆಲ್ಲ ಹೇಳಲು ಕಾರಣ, ಬೋನಾಳದಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಬರೆದ ಕಾಗದ. “ನಾ ನಟಿ ಆಗ್ತೀನಿ ಅಂದ್ರ ನಮ್ಮ ಅಜ್ಜ ನಗತಾನ. ದೊಡ್ಡ ಸಿನಿಮಾದಾಗ ನಿನ್ನ ಯಾರ್ ತಗೋತಾರ, ಸಣ್ಣ ಸಿನಿಮಾ ಯಾರ್ ನೋಡ್ತಾರ ಅಂತಾನ.”

ಅಜ್ಜನ ಮಾತಿನಲ್ಲಿ ಅರ್ಧ ನಿಜವಿದೆ, ಮಗಳೇ. ಸಣ್ಣ ಸಿನಿಮಾ ನಮ್ಮ ಕಡೆಯ ಟಾಕೀಸಿಗೆ ಬರುವುದು ಅಪರೂಪ. ಸಂಬಳವೂ ಕಡಿಮೆ. ಅದೊಂದನ್ನೇ ನಂಬಿದರೆ ಒಲೆ ಉರಿಯುವುದು ಕಷ್ಟ. ಅದಕ್ಕೇ ಎಷ್ಟೋ ನಟರು ನಾಟಕ, ಧಾರಾವಾಹಿ, ದೊಡ್ಡ ಸಿನಿಮಾ ಎಲ್ಲವನ್ನೂ ಹಿಡಿದಿರುತ್ತಾರೆ. ಅದರಲ್ಲಿ ನಾಚಿಕೆಯೇನಿಲ್ಲ.

ಆದರೆ “ನಿನ್ನ ಯಾರ್ ತಗೋತಾರ” ಎಂಬುದಕ್ಕೆ ನನ್ನ ಹತ್ತಿರ ಉತ್ತರವಿದೆ. ರಾಮ್ ರೆಡ್ಡಿ ಅವರ ‘ತಿಥಿ’ಯಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. ಗಡ್ಡಪ್ಪನಾದ ಚನ್ನೇಗೌಡರು, ಸೆಂಚುರಿ ಗೌಡನಾದ ಸಿಂಗ್ರಿಗೌಡರು ಯಾವ ನಟನಾ ಶಾಲೆಗೂ ಹೋದವರಲ್ಲ. 2015ರಲ್ಲಿ ಆ ಸಿನಿಮಾಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂದವು. ಹೆಸರಾದ ಮೇಲೆ ‘ತರ್ಲೆ ವಿಲೇಜ್’ನಂಥ ಸಿನಿಮಾಗಳಿಗೂ ಅವರನ್ನು ಕರೆದರು. ಆದರೆ ‘ತಿಥಿ’ಯ ಗಡ್ಡಪ್ಪ ಸುಮ್ಮನೆ ದಾರಿ ಹಿಡಿದು ನಡೆಯುವುದನ್ನು ನೋಡುವ ಸುಖವೇ ಬೇರೆ.

ನೀನು ಈಗಿನಿಂದಲೇ ಮಾಡಬಹುದಾದ ಕೆಲಸ ಒಂದಿದೆ. ಬೋನಾಳ ಕೆರೆಗೆ ಹಕ್ಕಿ ನೋಡಲು ಬಂದವರು ಅಲುಗಾಡದೆ ಕೂಡುತ್ತಾರಲ್ಲ, ಹಾಗೆ ಕೂತು ನಿಮ್ಮ ಅಜ್ಜನನ್ನು ನೋಡು. ರುಮಾಲು ಹೇಗೆ ಸುತ್ತುತ್ತಾನೆ, ಸಿಟ್ಟು ಬಂದಾಗ ಎಷ್ಟು ಹೊತ್ತು ಮಾತಾಡುವುದಿಲ್ಲ, ನಗು ಮೊದಲು ಕಣ್ಣಿಗೆ ಬರುತ್ತದೋ ಮೀಸೆಗೋ. ಬರೆದು ಕಳಿಸು.