ತೀರಿಕೊಂಡವರ ಮನೆಯ ಮೇಲೆ ವಸೂಲಿ: ಸಮರ್ಥಿಸುವವರಿಗೆ ಉತ್ತರ

ಅಮೆರಿಕದಲ್ಲಿ ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇಡ್ ನೆರವಿನಿಂದ ದೀರ್ಘಕಾಲದ ಆರೈಕೆ ಪಡೆದ ವೃದ್ಧರು ತೀರಿಕೊಂಡರೆ, ಆ ಖರ್ಚನ್ನು ರಾಜ್ಯ ಸರ್ಕಾರ ಅವರ ಆಸ್ತಿಯಿಂದ ವಸೂಲಿ ಮಾಡುತ್ತದೆ. 1993ರ ಫೆಡರಲ್ ಕಾನೂನು ಇದನ್ನು ಕಡ್ಡಾಯ ಮಾಡಿದೆ. ಇದು ನ್ಯಾಯ ಎಂದು ವಾದಿಸುವವರು ನಮ್ಮವರಲ್ಲೂ ಇದ್ದಾರೆ.

ಸರ್ಕಾರ ಕೊಟ್ಟದ್ದು ಸಾಲ, ತೀರಿಸಬೇಕು ಎನ್ನುತ್ತಾರೆ. ಹಾಗಾದರೆ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ದುಡ್ಡಿನಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡವರ ಮಕ್ಕಳನ್ನು ಯಾರೂ ಏಕೆ ಕೇಳುವುದಿಲ್ಲ? ಮರೆವಿನ ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದವರ ದೀರ್ಘ ಆರೈಕೆಗೆ ಮೆಡಿಕೇರ್ ಒದಗುವುದಿಲ್ಲ. ಮನೆಯೊಂದನ್ನು ಬಿಟ್ಟು ಕೈಬರಿದಾದ ಮೇಲೆ ಮೆಡಿಕೇಡೇ ಗತಿ. ಯಾವ ಕಾಯಿಲೆ ಬಂತು ಎಂಬುದರ ಮೇಲೆ ಮನೆ ಉಳಿಯುವುದು, ಹೋಗುವುದು ತೀರ್ಮಾನವಾಗುತ್ತದೆ. ಖಾಸಗಿ ವಿಮಾ ಕಂಪನಿಯ ಮೂಲಕ ಆರೈಕೆ ಕೊಟ್ಟ ಕಡೆ, ಸರ್ಕಾರ ಕಂಪನಿಗೆ ಕಟ್ಟಿದ ಮಾಸಿಕ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ, ಆ ತಿಂಗಳು ರೋಗಿ ಯಾವ ಸೇವೆಯನ್ನೂ ಪಡೆಯದಿದ್ದರೂ.

ಬೊಕ್ಕಸ ಉಳಿಯಬೇಕಲ್ಲ ಎಂಬುದು ಇನ್ನೊಂದು ಮಾತು. 2019ರಲ್ಲಿ ದೇಶದಾದ್ಯಂತ ವಸೂಲಾದದ್ದು ಸುಮಾರು 73 ಕೋಟಿ ಡಾಲರ್. ದೀರ್ಘಕಾಲದ ಆರೈಕೆಯ ವೆಚ್ಚದಲ್ಲಿ ಶೇ. 1ಕ್ಕೂ ಕಡಿಮೆ. ಸಂಸತ್ತಿಗೆ ಸಲಹೆ ನೀಡುವ ಮೆಡಿಕೇಡ್ ಆಯೋಗವೇ 2021ರಲ್ಲಿ ಈ ಕಡ್ಡಾಯ ಬೇಡವೆಂದು ಶಿಫಾರಸು ಮಾಡಿತು.

ಶ್ರೀಮಂತರು ಆಸ್ತಿ ಬಚ್ಚಿಟ್ಟು ನೆರವು ಪಡೆಯುತ್ತಾರಂತೆ. ಅಂಥವರು ನೆರವಿಗೆ ಅರ್ಜಿ ಹಾಕುವ ಐದು ವರ್ಷ ಮೊದಲೇ ವಕೀಲರನ್ನು ಕಂಡು ಟ್ರಸ್ಟ್ ಮಾಡಿಸಿರುತ್ತಾರೆ. ಸಿಕ್ಕಿಬೀಳುವುದು ಒಂದೇ ಒಂದು ಸಣ್ಣ ಮನೆ ಇದ್ದವರು.

ಮಕ್ಕಳಿಗೇಕೆ ಬಿಟ್ಟಿ ಆಸ್ತಿ ಎಂಬ ಮಾತಂತೂ ನನಗೆ ಸಹಿಸಲಾಗದು. ಕೆಲಸ ಬಿಟ್ಟು ಅಮ್ಮನ ಹಾಸಿಗೆ ಬದಲಿಸಿ, ರಾತ್ರಿ ಎದ್ದು ಮಾತ್ರೆ ಕೊಟ್ಟ ಮಗಳಿಗೆ ಅದು ಬಿಟ್ಟಿಯೇ? ಅಮ್ಮ ಆರೈಕೆ ಕೇಂದ್ರ ಸೇರುವ ಮೊದಲು ಎರಡು ವರ್ಷ ಜೊತೆಗಿದ್ದು, ಹಾಗೆ ಸೇರಿಸುವುದನ್ನು ಅಷ್ಟು ಕಾಲ ತಪ್ಪಿಸಿ ನೋಡಿಕೊಂಡ ಮಗಳ ಹೆಸರಿಗೆ, ಅಮ್ಮ ಬದುಕಿರುವಾಗಲೇ ಮನೆ ಬರೆದುಕೊಡಲು ಕಾನೂನು ಅವಕಾಶ ಕೊಡುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಹೇಳುವವರಿಲ್ಲ. ಗ್ರೀನ್ ಕಾರ್ಡ್ ಪಡೆದು ಮಕ್ಕಳ ಬಳಿ ನೆಲೆಸಿದ ನಮ್ಮ ಹಿರಿಯರು ಮನೆಗೆ ಜಂಟಿ ಹೆಸರು ಹಾಕಿಸಿದ್ದರೆ, ಕೆಲವು ರಾಜ್ಯಗಳಲ್ಲಿ ಅವರ ಪಾಲಿಗೂ ಕೈ ಹಾಕುತ್ತಾರೆ.

ಕೊನೆಯದು, ನೋಟಿಸ್ ಬಂದಮೇಲೆ ಕಟ್ಟಿಬಿಡಿ ಎಂಬ ಉಪದೇಶ. ಕಟ್ಟಬೇಡಿ, ಮೊದಲು ವಿಚಾರಿಸಿ. ಗಂಡ ಅಥವಾ ಹೆಂಡತಿ ಬದುಕಿದ್ದರೆ, 21 ತುಂಬದ ಮಗು ಇದ್ದರೆ, ಕುರುಡು ಅಥವಾ ಅಂಗವಿಕಲ ಮಗ, ಮಗಳಿದ್ದರೆ ವಸೂಲಿ ಮಾಡುವಂತಿಲ್ಲ. ತೀವ್ರ ತೊಂದರೆಯಾಗುವುದಾದರೆ ವಿನಾಯಿತಿ ಕೇಳುವ ದಾರಿಯನ್ನು ಪ್ರತಿ ರಾಜ್ಯವೂ ಇಡಲೇಬೇಕು. ಈ ಬೇಡಿಕೆ ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮೇಲೆ ಮಾತ್ರ, ವಾರಸುದಾರರ ಸ್ವಂತ ಸಂಬಳದ ಮೇಲಲ್ಲ. ಯಾವ ದಿನ, ಯಾವ ಸೇವೆಗೆ, ಎಷ್ಟು ಎಂಬ ವಿವರವಾದ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ವಿನಾಯಿತಿ ಅರ್ಜಿ ಹಾಕಿ.