ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ

ಅಮೇರಿಕಾ ದೇಶದಲ್ಲಿ 2022ನೇ ಇಸವಿಯಲ್ಲಿ 14ರಿಂದ 18 ವರ್ಷ ವಯಸ್ಸಿನ ಮಕ್ಕಳು ವಾರಕ್ಕೆ ಸರಾಸರಿ 22 ಮಂದಿಯಂತೆ ಮಾದಕ ವಸ್ತುವಿನ ವಿಷವೇರಿ ಸತ್ತರು. ಮೇಷ್ಟರ ಕೆಲಸ ಮಾಡಿ ಬಂದ ನಮಗೆ ಈ ಅಂಕಿಯನ್ನು ಓದಿ ಸುಮ್ಮನೆ ಪುಟ ತಿರುವಲು ಆಗಲಿಲ್ಲ. ಇಪ್ಪತ್ತೆರಡು ಎಂದರೆ ಹಳ್ಳಿಯ ಶಾಲೆಯ ಒಂದು ತರಗತಿ. ಈ ಸೋಮವಾರ ಹಾಜರಿ ಕೂಗಿದ ತರಗತಿ ಮುಂದಿನ ಸೋಮವಾರ ಇಲ್ಲ. ಹೀಗೆ ವರ್ಷವಿಡೀ, ವಾರಕ್ಕೊಂದು ತರಗತಿ.

ಇದಕ್ಕೆ ಕಾರಣವೇನೆಂದು ಕೇಳಿದರೆ ದೊಡ್ಡವರ ಉತ್ತರ ಸಿದ್ಧವಾಗಿದೆ: ಮಕ್ಕಳು ಕೆಟ್ಟರು, ತಂದೆತಾಯಿ ಹದ್ದುಬಸ್ತಿನಲ್ಲಿ ಇಡಲಿಲ್ಲ, ಕಾಲ ಹಾಳಾಯಿತು. ಈ ಮಾತು ನಿಜವೇ? ಲೆಕ್ಕ ನೋಡೋಣ. 2019ರಲ್ಲಿ ಈ ವಯಸ್ಸಿನ 492 ಮಂದಿ ಸತ್ತಿದ್ದರು. 2020ರಲ್ಲಿ 954. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಆದರೆ ಅಲ್ಲಿನ ಶಾಲಾ ಮಕ್ಕಳಲ್ಲಿ ಮಾದಕ ವಸ್ತು ಮುಟ್ಟುವವರ ಪ್ರಮಾಣ ಹಾಗೆ ಏರಲಿಲ್ಲ. 2021ರಲ್ಲಿ ಇಳಿದೇ ಹೋಯಿತು. ನೀರು ಕುಡಿಯುವವರು ಹೆಚ್ಚದೆ ಸಾಯುವವರು ಮಾತ್ರ ಹೆಚ್ಚಿದರೆ, ಬಾವಿಗೆ ಯಾರೋ ವಿಷ ಹಾಕಿದ್ದಾರೆ ಎಂದಲ್ಲವೇ ಅರ್ಥ?

ಆ ವಿಷದ ಹೆಸರು ಫೆಂಟನಿಲ್. ಹೆರಾಯಿನ್‌ಗಿಂತ 50 ಪಟ್ಟು ಬಿರುಸು. ಉಪ್ಪಿನ ಹತ್ತು ಹದಿನೈದು ಹರಳಿನಷ್ಟು, ಅಂದರೆ 2 ಮಿಲಿಗ್ರಾಂ, ಒಂದು ಜೀವ ತೆಗೆಯಬಲ್ಲದು. ಅದು ಮೈಗೇರಿದರೆ ಮಿದುಳು ಉಸಿರಾಡಿಸುವುದನ್ನೇ ಮರೆಯುತ್ತದೆ. ಕಳ್ಳ ವ್ಯಾಪಾರಿಗಳು ಅದನ್ನು ಔಷಧದ ಅಂಗಡಿಯ ಗುಳಿಗೆಯಂತೆಯೇ ಅಚ್ಚೊತ್ತಿ, ಅದೇ ಬಣ್ಣ ಅದೇ ಮುದ್ರೆ ಹಾಕಿ ಮಾರುತ್ತಾರೆ. ಪರೀಕ್ಷೆಯ ಚಿಂತೆಗೋ, ಮೈನೋವಿಗೋ, ಗೆಳೆಯರ ಒತ್ತಾಯಕ್ಕೋ ಹುಡುಗನೊಬ್ಬ ಒಂದು ಗುಳಿಗೆ ನುಂಗುತ್ತಾನೆ. ಎರಡನೆಯದು ಬೇಕಾಗುವುದಿಲ್ಲ.

ಆ ಕಳ್ಳರನ್ನು ಹಿಡಿದು ಶಿಕ್ಷಿಸಲಿ, ಬೇಡವೆನ್ನುವವರು ನಾವಲ್ಲ. ಆದರೆ ಈ ಸಂತೆಯನ್ನು ಮೊದಲು ಕಟ್ಟಿದವರು ಯಾರು? ಸೂಟುಬೂಟಿನ ಸಭ್ಯರು. 1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆಯನ್ನು ಪೇಟೆಗೆ ತಂದಿತು. ಅದು ಅಫೀಮಿನ ಕುಲಕ್ಕೇ ಸೇರಿದ್ದು. ನಿಧಾನವಾಗಿ ಕರಗುವುದರಿಂದ ಚಟ ಹತ್ತುವುದು ಅಪರೂಪ ಎಂದು ಕಂಪನಿಯ ಮಾರಾಟಗಾರರು ವೈದ್ಯರ ಕಿವಿಯೂದಿದರು. ಗಣಿಯಲ್ಲಿ, ಕಾಡಿನಲ್ಲಿ ಮೈಮುರಿದು ದುಡಿದ ಕೂಲಿಕಾರರಿದ್ದ ಪಶ್ಚಿಮ ವರ್ಜೀನಿಯಾ, ಕೆಂಟಕಿ, ಮೇನ್ ರಾಜ್ಯಗಳಲ್ಲಿ ಗುಳಿಗೆಯ ಮಳೆಯೇ ಸುರಿಯಿತು. 2010ರಲ್ಲಿ ಸುಲಭವಾಗಿ ಪುಡಿಮಾಡಲಾಗದಂತೆ ಗುಳಿಗೆಯನ್ನು ಬದಲಿಸಿದಾಗ, ಚಟ ಹತ್ತಿದವರಲ್ಲಿ ಅನೇಕರು ಹೆರಾಯಿನ್ ಹಿಡಿದರು. 2013ರಿಂದೀಚೆಗೆ ಹೆರಾಯಿನ್ನಿನ ಜಾಗಕ್ಕೆ ಫೆಂಟನಿಲ್ ಬಂತು. ಅಣ್ಣನಿಗೆ ಕಂಪನಿಯ ಗುಳಿಗೆ, ತಮ್ಮನಿಗೆ ಕಳ್ಳರ ಗುಳಿಗೆ!

ಕಾನೂನು ಏನು ಮಾಡಿತು? ಚಟದ ಅಪಾಯವನ್ನು ಮರೆಮಾಚಿ ಮಾರಿದ್ದಕ್ಕಾಗಿ 2007ರಲ್ಲಿ ಕಂಪನಿಯವರು ತಪ್ಪೊಪ್ಪಿಕೊಂಡರು. ಸುಮಾರು 63 ಕೋಟಿ ಡಾಲರ್ ತೆತ್ತರು. ತಪ್ಪೊಪ್ಪಿದ ಮೂವರು ದೊಡ್ಡ ಅಧಿಕಾರಿಗಳು ಒಂದು ದಿನವೂ ಸೆರೆಮನೆ ಕಾಣಲಿಲ್ಲ. ಅದಾದ ಮುಂದಿನ ಹತ್ತು ವರ್ಷಗಳಲ್ಲಿ ಒಡೆಯರಾದ ಸ್ಯಾಕ್ಲರ್ ಮನೆತನದವರು ಕಂಪನಿಯಿಂದ 1,000 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದರು. 2020ರಲ್ಲಿ ಕಂಪನಿ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. ಒಡೆಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಬರಲಿಲ್ಲ. ಅವರಿಗೆ ದಾವೆಗಳಿಂದ ಸಂಪೂರ್ಣ ರಕ್ಷಣೆ ಕೊಡಲು ಹೊರಟಿದ್ದ ಒಪ್ಪಂದವನ್ನು ಅಲ್ಲಿನ ಸುಪ್ರೀಂ ಕೋರ್ಟು 2024ರ ಜೂನಿನಲ್ಲಿ ತಳ್ಳಿಹಾಕಿತು. 2025ರ ನವೆಂಬರಿನಲ್ಲಿ ಹೊಸ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತು: ಮನೆತನ 700 ಕೋಟಿ ಡಾಲರಿನವರೆಗೆ ಕೊಡಬೇಕು, ಅದೂ 15 ವರ್ಷಗಳ ಕಂತಿನಲ್ಲಿ. ಸೊಸೈಟಿ ಸಾಲದ ಒಂದು ಕಂತು ತಪ್ಪಿದರೆ ನಮ್ಮ ರೈತನ ಬಾಗಿಲಿಗೆ ನೋಟೀಸು ಬರುತ್ತದೆ. ಸಾವಿನ ವ್ಯಾಪಾರಕ್ಕೆ ಎಂಥ ಉದಾರವಾದ ಕಂತು! ಇಂಥ ದಂಡ ಶಿಕ್ಷೆಯಲ್ಲ, ಸಂತೆಯ ಸುಂಕ.

ಇನ್ನೊಂದು ಮಾತು. ಈ ವಿಷಕ್ಕೆ ಪ್ರತಿಮದ್ದು ಇದೆ. ನಲೋಕ್ಸೋನ್ ಎಂಬುದನ್ನು ಮೂಗಿಗೆ ಸಿಂಪಡಿಸಿದರೆ ಕೆಲವೇ ನಿಮಿಷಗಳಲ್ಲಿ ನಿಂತ ಉಸಿರು ಮರಳಬಹುದು. 1971ರಲ್ಲೇ ಅಮೇರಿಕಾದಲ್ಲಿ ಒಪ್ಪಿಗೆ ಪಡೆದ ಹಳೆಯ ಮದ್ದು ಅದು. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ನಲೋಕ್ಸೋನ್ ಸಿಂಪರಣೆಗೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಆ ವರ್ಷ ಎರಡು ಸಲದ ಮದ್ದಿಗೆ ಬೆಲೆ ಸುಮಾರು 45 ಡಾಲರ್ ಇತ್ತು. 2019ರಿಂದ 2021ರವರೆಗೆ ಸತ್ತ ಹದಿಹರೆಯದವರ ದಾಖಲೆಗಳನ್ನು ನೋಡಿದಾಗ ಮೂರರಲ್ಲಿ ಎರಡು ಸಾವುಗಳಲ್ಲಿ ಹತ್ತಿರದಲ್ಲೇ ಯಾರೋ ಇದ್ದರು ಎಂದು ತಿಳಿಯಿತು. ಆದರೂ ಬಹುಪಾಲು ಮಕ್ಕಳಿಗೆ ನೆರವು ಸಿಗಲಿಲ್ಲ. 2024ರಲ್ಲಿ ಆ ದೇಶದ ಒಟ್ಟು ಸಾವುಗಳು ಸುಮಾರು 1,10,000ದಿಂದ 80,000ಕ್ಕೆ ಇಳಿದವು. ನಲೋಕ್ಸೋನ್ ವ್ಯಾಪಕವಾಗಿ ಹಂಚಿದ್ದೂ ಒಂದು ಕಾರಣವೆಂದು ಅಲ್ಲಿನ ಸರ್ಕಾರವೇ ಹೇಳಿದೆ. ಹಂಚಿದರೆ ಉಳಿಯುವ ಮಕ್ಕಳನ್ನು ಇಷ್ಟು ಕಾಲ ಸಾಯಗೊಟ್ಟವರಾರು?

ದೂರದ ದೇಶದ ಗೋಳು ನಮಗೇಕೆ ಎನ್ನುವ ಓದುಗ ಬಂಧುಗಳು ಇದನ್ನೂ ಕೇಳಲಿ. ಟಪೆಂಟಡಾಲ್ ಎಂಬ ಅಫೀಮು ಜಾತಿಯ ಮದ್ದನ್ನು ಇನ್ನೊಂದರೊಡನೆ ಬೆರೆಸಿದ ಗುಳಿಗೆಗಳು ನಮ್ಮ ದೇಶದ ಕಾರ್ಖಾನೆಯಿಂದಲೇ ಘಾನಾ, ನೈಜೀರಿಯಾಗಳ ಬೀದಿಗೆ ಹೋಗಿ ಅಲ್ಲಿನ ಯುವಕರನ್ನು ಹಾಳುಮಾಡುತ್ತಿದ್ದುದು 2025ರ ಫೆಬ್ರವರಿಯಲ್ಲಿ ಬಯಲಾಯಿತು. ಪರದೇಶದ ಪತ್ರಕರ್ತರು ಬಯಲುಮಾಡಿದ ಮೇಲೆ ನಮ್ಮ ಸರ್ಕಾರ ಆ ರಫ್ತಿಗೆ ತಡೆ ಹಾಕಿತು. ಇತ್ತ ನಮ್ಮದೇ ಹಳ್ಳಿಗಳಲ್ಲಿ ಕ್ಯಾನ್ಸರಿನಿಂದ ನರಳುವ ಬಹುಮಂದಿಗೆ ಅಗ್ಗದ ಮಾರ್ಫಿನ್ ಸಿಗುವುದಿಲ್ಲ. 2014ರಲ್ಲಿ ಕಾನೂನು ಸಡಿಲಿಸಿದರೂ ಸಿಗುವುದಿಲ್ಲ. ಲಾಭವಿರುವಲ್ಲಿ ಬೇಡದ ಗುಳಿಗೆಯ ರಾಶಿ. ಲಾಭವಿಲ್ಲದಲ್ಲಿ ಬೇಕಾದ ಮದ್ದಿಗೂ ಬರ. ಎರಡಕ್ಕೂ ಬೇರು ಒಂದೇ.

ಆದ್ದರಿಂದ ನಾವು ಹೇಳುವುದಿಷ್ಟೆ. ಮದ್ದು ತಯಾರಿಸುವುದೂ ಹಂಚುವುದೂ ರೋಗಿಯ ಅಗತ್ಯ ನೋಡಿ ನಡೆಯಲಿ, ಷೇರುದಾರನ ಲಾಭ ನೋಡಿ ಅಲ್ಲ. ಸುಳ್ಳು ಹೇಳಿ ವಿಷ ಮಾರಿದವನಿಗೆ ಜೇಬಿನ ಶಿಕ್ಷೆ ಸಾಲದು, ಜೈಲಿನ ಶಿಕ್ಷೆಯಾಗಲಿ. ಪ್ರತಿಮದ್ದು ಬಿಟ್ಟಿಯಾಗಿ ಪ್ರತಿ ಶಾಲೆಯಲ್ಲಿರಲಿ. ಚಟಕ್ಕೆ ಬಿದ್ದ ಮಗುವಿಗೆ ಲಾಠಿಯ ಬದಲು ಚಿಕಿತ್ಸೆ ಸಿಗಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಇನ್ನು ಸಾಕು. ಜ್ವರ ಯಾವ ಕೊಟ್ಟಿಗೆಯಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಬರೆಯ ಕೋಲು ಅಲ್ಲಿಗೆ ಹೋಗಲಿ.