ಗುಜರಿಗೆ ಹಾಕಿ ಎನ್ನುವವರಿಗೆ

ಅಪ್ಪನ ಜೀಪನ್ನು ಗುಜರಿಗೆ ಹಾಕಬೇಕೆಂದು ಮನೆಯಲ್ಲಿ ತೀರ್ಮಾನವಾದಾಗ ನನ್ನನ್ನು ಯಾರೂ ಕೇಳಲಿಲ್ಲ. ಕೊಪ್ಪದ ಕಡೆಯ ನಮ್ಮ ಮನೆಯ ಕೊಟ್ಟಿಗೆ ಪಕ್ಕದಲ್ಲಿ, ಸೋಗೆ ಮಾಡಿನ ಕೆಳಗೆ, ಅಪ್ಪ ತೀರಿಕೊಂಡ ಮೇಲೆ ಆರು ಮಳೆಗಾಲ ನಿಂತಲ್ಲೇ ನಿಂತ ಜೀಪು ಅದು. 1991ರ ಮಹೀಂದ್ರ ಎಂ.ಎಂ. 540. ನೆಲದ ತಗಡು ತೂತಾಗಿ ಅದರೊಳಗಿಂದ ಕೆಸುವಿನ ಎಲೆ ಮೇಲೆದ್ದಿತ್ತು. ತೂಕಕ್ಕೆ ಹಾಕಿದರೆ ಎಷ್ಟು ಸಿಗುತ್ತದೆಂದು ಅಣ್ಣ ಫೋನಿನಲ್ಲಿ ಲೆಕ್ಕ ಹೇಳಿದ. "ಅಷ್ಟಕ್ಕೆ ನಾನೇ ತಗೋತೀನಣ್ಣ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. "ತಲೆ ಕೆಟ್ಟಿದೆಯೇನೇ ನಿಂಗೆ? ಈ ವಯಸ್ಸಲ್ಲಿ ಜೀಪು ಕಟ್ಕೊಂಡು ಏನ್ಮಾಡ್ತೀಯ?"

ಅಣ್ಣನೊಬ್ಬನೇ ಕೇಳಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಜೀಪು ಲಾರಿಯ ಮೇಲೆ ಯಲಹಂಕಕ್ಕೆ ಬಂದಿಳಿದ ದಿನದಿಂದ ನಮ್ಮ ಬೀದಿಯವರು, ಸ್ಟಾಫ್ ರೂಮಿನವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು, ಎಲ್ಲರೂ ಅದನ್ನೇ ಕೇಳಿದರು. ಅವರಲ್ಲಿ ಅರ್ಧದಷ್ಟು ಹೆಂಗಸರೇ ಎಂಬುದು ನನ್ನ ಸಿಟ್ಟಿಗೆ ಇನ್ನೊಂದು ಕಾರಣ.

ಹಳೆಯದನ್ನು ಸರಿಮಾಡಿ ಬಳಸುವುದನ್ನು ನಮಗೆ ಯಾರಾದರೂ ಹೇಳಿಕೊಡಬೇಕೇ? ಸೀರೆ ಹಳತಾದರೆ ಮಗಳಿಗೆ ಲಂಗವಾಗುತ್ತದೆ, ಲಂಗ ಹರಿದರೆ ಕೌದಿಗೆ ಸೇರುತ್ತದೆ, ಕೌದಿ ಸವೆದರೆ ಕಾಲೊರಸು. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಫ್ರಿಜ್ಜಿನಲ್ಲಿಟ್ಟು ಇನ್ನೊಂದು ವಾರ ದೂಡುತ್ತೇವೆ. ಇದಕ್ಕೆ ಯಾರೂ ಹವ್ಯಾಸವೆಂದು ಹೆಸರಿಟ್ಟಿಲ್ಲ, ಜಿಪುಣತನವೆಂದು ಕರೆದದ್ದುಂಟು. ಅದೇ ಕೆಲಸವನ್ನು ಗಂಡಸರು ಕಬ್ಬಿಣದ ಮೇಲೆ ಮಾಡಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಹೆಂಗಸು ಕಬ್ಬಿಣಕ್ಕೆ ಕೈಹಾಕಿದಳೋ, ಅವಳಿಗೆ ತಲೆ ಕೆಟ್ಟಿದೆ.

"ಹದಿನೈದು ವರ್ಷ ಆದ್ಮೇಲೆ ಗಾಡಿ ಇಟ್ಕೊಳ್ಳೋ ಹಾಗೇ ಇಲ್ವಂತಲ್ಲ?" ಎಂದು ಕಾನೂನು ಹೇಳಿದವರೂ ಬಹಳ ಮಂದಿ. ಡೀಸೆಲ್ ಗಾಡಿಗಳ ವಯಸ್ಸಿನ ಬಗ್ಗೆ ದೆಹಲಿಯಲ್ಲಿ ನಡೆದ ಗಲಾಟೆಯನ್ನು ಟಿ.ವಿ.ಯಲ್ಲಿ ನೋಡಿ ಅದು ನಮ್ಮೂರಿನದೂ ಎಂದುಕೊಂಡವರು ಅವರು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ಗಟ್ಟಿಯಾಗಿದ್ದರೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ನೋಡಬೇಕಾದ್ದು ಗಾಡಿಯ ಸ್ಥಿತಿಯನ್ನು. ಆದರೆ ಶುಲ್ಕ ಮಾತ್ರ ವಯಸ್ಸನ್ನೇ ನೋಡುತ್ತದೆ. ಕಾರು ಜೀಪುಗಳಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಮಾಡಿದರು. ನಾನು ಕಟ್ಟಿದ್ದು 5,000. ತಡವಾದದ್ದಕ್ಕೆ ದಂಡ ಬೇರೆ.

ಇನ್ನೊಂದು ತಮಾಷೆ ಕೇಳಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆಂದು ಬೇರೆ ನಿಯಮ ತಂದಿತು. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಉಳಿದಿದ್ದರೆ ಅದಕ್ಕೆ ವಿಶೇಷ ನಂಬರು, ವಿಶೇಷ ಮರ್ಯಾದೆ. ಆದರೆ ಪ್ರದರ್ಶನಕ್ಕೋ ರ‍್ಯಾಲಿಗೋ ಹೊರಡಿಸಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೇ ಕಾರುಗಳ ಮುಂದೆ ನಿಂತು ನಾವೆಲ್ಲ ಬೆರಗಾದವರೇ. ನನ್ನ ಜೀಪು ಆ ಪಂಕ್ತಿಗೆ ಸೇರಲು 2041 ಬರಬೇಕು. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಗಾಡಿ ಹೊಸತೂ ಅಲ್ಲ, ಪೂಜೆಗೆ ಇಡುವಷ್ಟು ಹಳತೂ ಅಲ್ಲ. ಬರೀ ದಾರಿಗೆ ಅಡ್ಡ. ಸೊಸೆಯೂ ಅಲ್ಲದ, ಅಜ್ಜಿಯೂ ಆಗದ ನನ್ನಂಥವರಿಗೆ ಈ ಸ್ಥಾನ ಹೊಸದೇನಲ್ಲ ಬಿಡಿ.

ಕರಗಿಸಿದರೆ ತಾನೇ ಹೊಸದಾಗುವುದು ಎನ್ನುತ್ತಾರೆ. ನಿಜ. ನಮ್ಮ ಯಲಹಂಕದಲ್ಲೇ 1984ರಿಂದ ರೈಲ್ವೆಯ ಗಾಲಿ ಕಾರ್ಖಾನೆ ಇದೆ. ಅಲ್ಲಿ ರೈಲಿನ ಹಳೇ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಕರಗಿಸುವುದು ಕೊನೆಯ ಮೆಟ್ಟಿಲು. ರವಿಕೆಯ ಹುಕ್ಕು ಕಿತ್ತುಹೋಯಿತೆಂದು ಯಾರಾದರೂ ಸೀರೆ ಸಮೇತ ಒಲೆಗೆ ಹಾಕುತ್ತಾರೆಯೇ? ಹೊಗೆಯ ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಹಳೇ ಡೀಸೆಲ್ ಎಂಜಿನ್ ಹೊಸದರಷ್ಟು ಶುದ್ಧವಲ್ಲ. ಅದಕ್ಕೇ ನಾನು ಶಾಲೆಗೆ ಹೋಗುವುದು ಸಿಟಿ ಬಸ್ಸಿನಲ್ಲೇ.

ಜೀಪನ್ನು ನಾನೊಬ್ಬಳೇ ಎಬ್ಬಿಸಲಿಲ್ಲ. ವಾಯುಪಡೆಯಿಂದ ನಿವೃತ್ತರಾದ ಟೆಕ್ನೀಷಿಯನ್ ಒಬ್ಬರು, ಯಶವಂತಪುರದಲ್ಲಿ ಲೇತ್ ಇಟ್ಟುಕೊಂಡವರು, ಆರ್.ಟಿ. ನಗರದ ಇಬ್ಬರು ಸಾಫ್ಟ್‌ವೇರ್ ಹುಡುಗರು, ಎಲ್ಲರೂ ಜೀಪಿನ ಹುಚ್ಚಿನವರು, ಎರಡು ವರ್ಷ ಭಾನುವಾರ ಬಂದರು. ಒಬ್ಬರು ಹಳೇ ಮ್ಯಾನ್ಯುಯಲ್‌ನ ಜೆರಾಕ್ಸ್ ತಂದರು. ಇನ್ನೊಬ್ಬರು ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಗಳಲ್ಲೂ ಅಲೆದು ಸ್ಟಿಯರಿಂಗಿನ ಕಿಂಗ್ ಪಿನ್ ಬೇರಿಂಗ್ ಹುಡುಕಿ ತಂದರು. ಕೂಲಿ ಎಂದರೆ ಚಿತ್ರಾನ್ನ, ಕಾಫಿ. ಅಗಲ ಟೈರು, ದಪ್ಪ ಬಂಪರು ಹಾಕಿಸೋಣವೆಂದು ಹುಡುಗರು ಕುಣಿದರು. ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಕೋರ್ಟು ಹೇಳದಿದ್ದರೂ ಅಪ್ಪನ ಜೀಪಿಗೆ ನಾನು ಆ ವೇಷ ಹಾಕಿಸುತ್ತಿರಲಿಲ್ಲ.

ಇವರೆಲ್ಲ ಒಳ್ಳೆಯವರು. ಆದರೂ ಮೊದಲ ದಿನವೇ "ಮೇಡಂ, ನೀವು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ" ಎಂದರು. ನಾನು ಕೇಳಿದ ಪ್ರಶ್ನೆಗೆ ಉತ್ತರವನ್ನು ಪಕ್ಕದಲ್ಲಿ ನಿಂತ ನನ್ನ ತಂಗಿಯ ಮಗನಿಗೆ ಹೇಳಿದರು. ಅವನಿಗೆ ಸೈಕಲ್ ಪಂಕ್ಚರ್ ಹಾಕಲೂ ಬರುವುದಿಲ್ಲ! ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವಾಗ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಗಾಲಿಯ ಹತ್ತಿರ ನಿಪ್ಪಲ್ ಸಡಿಲಿಸಿ ಗಾಳಿಗುಳ್ಳೆ ಹೋಗುವವರೆಗೆ ಎಣ್ಣೆ ಬಿಡಬೇಕು. ಒತ್ತುವ ಕೆಲಸ ನನಗೆ ಬಂತು. ಒತ್ತಿ, ಬಿಡಿ, ಒತ್ತಿ, ಬಿಡಿ.

ಮೂರನೇ ಗಾಲಿಗೆ ಬರುವಷ್ಟರಲ್ಲಿ ನನಗೆ ನಮ್ಮೂರಿನ ಮಳೆಗಾಲ ನೆನಪಾಯಿತು. ಜೀಪಿನ ಗೇರಿನ ಪಕ್ಕ ಇನ್ನೆರಡು ಸಣ್ಣ ಲಿವರುಗಳಿವೆ. ಒಂದು ಮುಂದಿನ ಗಾಲಿಗಳಿಗೂ ಶಕ್ತಿ ಕೊಡುತ್ತದೆ, ಇನ್ನೊಂದು ನಿಧಾನದ ಗೇರಿಗೆ ಹಾಕುತ್ತದೆ. ಅವನ್ನು ಎಳೆದು ಅಪ್ಪ ಎಂಥ ಕೆಸರನ್ನೂ ದಾಟುತ್ತಿದ್ದರು. ಹೆರಿಗೆಗೆಂದು ಊರಿನ ಎಷ್ಟು ಹೆಂಗಸರು ರಾತ್ರಿ ಹೊತ್ತು ಆ ಜೀಪಿನಲ್ಲಿ ಆಸ್ಪತ್ರೆಗೆ ಹೋಗಿದ್ದಾರೋ! ಅಣ್ಣ ಕಲಿಯುವಾಗ ಮಾತ್ರ ಜೀಪು ಹೂತುಹೋಗುತ್ತಿತ್ತು. ಸ್ಟಿಯರಿಂಗ್ ಹಿಡಿದು ಅವನು ಕೂರುತ್ತಿದ್ದ. ಸೀರೆ ಎತ್ತಿ ಸಿಕ್ಕಿಸಿಕೊಂಡು ಅಮ್ಮ, ಲಂಗ ಎತ್ತಿಕೊಂಡು ನಾನು ಮತ್ತು ತಂಗಿ ಹಿಂದಿನಿಂದ ತಳ್ಳುತ್ತಿದ್ದೆವು. ನಾನೂ ಕಲಿಯುತ್ತೇನೆಂದಾಗ ಅಪ್ಪ, "ನಿಂಗ್ಯಾಕಮ್ಮ ಅದು?" ಎಂದಿದ್ದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಪ್ರೀತಿಯ ಬೆಲೆ ನನಗೆ ಮೂವತ್ತು ವರ್ಷ.

ಪೆಡಲಿನಿಂದ ಕಾಲು ತೆಗೆದು ಕೆಳಗಿಳಿದೆ. "ಸರ್, ನೀವು ಮೇಲೆ ಕೂತ್ಕೊಳ್ಳಿ. ನಾಲ್ಕನೇ ಗಾಲಿ ನಂದು" ಎಂದೆ. ವಾಯುಪಡೆಯ ಹಿರಿಯರು ನನ್ನ ಮುಖ ನೋಡಿದರು, ಮಾತಾಡದೆ ಸ್ಪ್ಯಾನರ್ ಕೊಟ್ಟರು. ಗೋಣಿಚೀಲದ ಮೇಲೆ ಅಂಗಾತ ಮಲಗಿದೆ. ಮೊದಲ ಸಲ ಎಣ್ಣೆ ಮೊಣಕೈವರೆಗೆ ಇಳಿಯಿತು. ಎರಡನೇ ಸಲ ಸರಿಯಾಯಿತು. ಆ ದಿನದಿಂದ ನಾನು "ಮೇಡಂ" ಹೋಗಿ "ಟೀಚರ್" ಆದೆ. ಉತ್ತರಗಳೂ ನನ್ನ ಕಡೆಗೆ ತಿರುಗಿ ಬರತೊಡಗಿದವು. ತಂಗಿಯ ಮಗ ಈಗ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವುದನ್ನು ಕಲಿತಿದ್ದಾನೆ.

ಆರ್.ಸಿ. ನನ್ನ ಹೆಸರಿಗಾಗಲು ಅಣ್ಣ ಮತ್ತು ತಂಗಿಯ ಒಪ್ಪಿಗೆ ಪತ್ರ ಬೇಕಾಯಿತು. ಅಣ್ಣ ನಗುತ್ತಲೇ ಸಹಿ ಹಾಕಿದ. ತಪಾಸಣೆಯ ದಿನ ಅಧಿಕಾರಿ ಕಾಗದ ನೋಡಿ, "ಗಾಡಿ ತಂದವರು ಎಲ್ಲಮ್ಮ?" ಎಂದರು. "ನಾನೇ" ಎಂದೆ. ಹಾರನ್, ದೀಪ, ಬ್ರೇಕು ನೋಡಿದರು. ಬ್ರೇಕನ್ನು ಎರಡು ಸಲ ನೋಡಿದರು.

ಈಗ ಅಣ್ಣ ಫೋನು ಮಾಡಿ, ಯಾರೋ ಒಳ್ಳೆಯ ಬೆಲೆ ಕೇಳುತ್ತಿದ್ದಾರೆ, ಕೊಟ್ಟುಬಿಡು ಎನ್ನುತ್ತಾನೆ. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ. ಸದ್ಯಕ್ಕೆ ಮುಂದಿನ ಎಡಗಾಲಿಯ ಆಯಿಲ್ ಸೀಲು ಸೋರುತ್ತಿದೆ, ಭಾನುವಾರ ಬಿಚ್ಚಬೇಕು.